ಉಕ್ಕಿನೊಳಗಿನ ಮರ

ಕರಗಿದ ಲೋಹ ತಣಿಯುವಾಗ ಅದರೊಳಗೆ ಮರಗಳು ಬೆಳೆಯುತ್ತವೆ ಎಂದರೆ ಕವಿಯ ಉತ್ಪ್ರೇಕ್ಷೆಯೆಂದು ತೋರೀತು. ಆದರೆ ಇದು ಕಣ್ಣಿಗೆ ಕಂಡ ಸಂಗತಿ. ರಷ್ಯದ ಲೋಹವಿಜ್ಞಾನಿ ದ್ಮಿತ್ರಿ ಚೆರ್ನೋವ್ (1839–1921) ಅವರ ಬಳಿ ಅಂಥದೊಂದು ಉಕ್ಕಿನ ಹರಳಿತ್ತು. ನೂರು ಟನ್ನಿನ ಎರಕದ ಗಟ್ಟಿಯ ಪೊಳ್ಳಿನಲ್ಲಿ ಬೆಳೆದಿದ್ದ ಅದರ ಉದ್ದ 39 ಸೆಂಟಿಮೀಟರು, ತೂಕ 3.45 ಕಿಲೋಗ್ರಾಂ. ಕಾಂಡದಿಂದ ಕೊಂಬೆ, ಕೊಂಬೆಯಿಂದ ರೆಂಬೆ. ಮರವೆಂಬ ಅರ್ಥದ ಗ್ರೀಕ್ ಪದದಿಂದಲೇ ಇಂಥ ಹರಳಿಗೆ ಡೆಂಡ್ರೈಟ್ ಎಂಬ ಹೆಸರು ಬಂದಿದೆ.

ಈ ಮರ ಒಮ್ಮೆ ಬೆಳೆದ ಮೇಲೆ ಹಾಗೆಯೇ ನಿಲ್ಲುವುದಿಲ್ಲ. ಹೆಚ್ಚು ಬಾಗಿದ ಮೈಯುಳ್ಳ ತೆಳು ರೆಂಬೆ ತುಸು ಕಡಿಮೆ ಉಷ್ಣತೆಯಲ್ಲೇ ಕರಗುತ್ತದೆ. ಆದ್ದರಿಂದ ಸುತ್ತ ದ್ರವವಿರುವವರೆಗೂ ಸಣ್ಣವು ಅಳಿಯುತ್ತವೆ. ಅವುಗಳ ದ್ರವ್ಯವನ್ನುಂಡು ದೊಡ್ಡವು ದಪ್ಪಗಾಗುತ್ತವೆ. 1960ರ ದಶಕದಲ್ಲಿ ಅಮೆರಿಕದ ಕಟ್ಟಾಮಿಸ್, ಫ್ಲೆಮಿಂಗ್ಸ್ ಮೊದಲಾದವರು ಇದನ್ನು ಪ್ರಯೋಗಗಳಿಂದ ವಿಶದಪಡಿಸಿದರು. ಹೆಪ್ಪುಗಟ್ಟುವ ಕಾಲ ಎಂಟು ಮಡಿಯಾದರೆ ರೆಂಬೆಗಳ ನಡುವಣ ಅಂತರ ಸುಮಾರು ಎರಡು ಮಡಿಯಾಗುತ್ತದೆ. ಹೀಗಾಗಿ ಲೋಹವು ಎಷ್ಟು ನಿಧಾನವಾಗಿ ತಣಿಯಿತೆಂಬುದನ್ನು ಸೂಕ್ಷ್ಮದರ್ಶಕದಡಿ ಅದರ ಮೈಯಲ್ಲೇ ಓದಬಹುದು.

ಈ ಕಥೆ ನಮ್ಮ ನಾಡಿಗೂ ಸಂಬಂಧಿಸಿದ್ದು. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ 'ವೂಟ್ಸ್' ಎಂಬ ಭಾರತೀಯ ಲೋಹವನ್ನು ಕುರಿತು ಪ್ರಬಂಧ ಮಂಡಿಸಿದ. ಆ ಹೆಸರು ನಮ್ಮ 'ಉಕ್ಕು' ಎಂಬ ಮಾತಿನ ವಿಕಾರವೆಂದು ಅನೇಕ ವಿದ್ವಾಂಸರ ಮತ. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಣ್ಣಿನ ಮೂಸೆಯಲ್ಲಿ ಕಬ್ಬಿಣದೊಡನೆ ತಂಗಡಿಯ ಕಡ್ಡಿಯನ್ನೂ ಹಸಿರೆಲೆಯನ್ನೂ ಇಟ್ಟು ಕಾಸುವ ಕ್ರಮವನ್ನು ಬರೆದಿಟ್ಟಿದ್ದಾನೆ. ಮೂಸೆಯೊಳಗೆ ನಿಧಾನವಾಗಿ ತಣಿದ ಇಂಥ ಉಕ್ಕಿನಲ್ಲಿ ರೆಂಬೆಗಳ ಅಂತರ ಹಿಗ್ಗುತ್ತಿತ್ತು.

ಇಂಥ ಗಟ್ಟಿಗಳಿಂದಲೇ ಡಮಾಸ್ಕಸ್ ಖಡ್ಗಗಳು ರೂಪುಗೊಂಡವು. ಅವುಗಳ ಮೈಮೇಲಿನ ನೀರಲೆಯಂಥ ಗೆರೆಗಳ ಗುಟ್ಟನ್ನು ಅರಿಯಲು ಮೈಕೇಲ್ ಫ್ಯಾರಡೆಯಂಥವರೂ ಶ್ರಮಿಸಿದರು. 1998ರಲ್ಲಿ ವೆರ್ಹೋವೆನ್, ಪೆಂಡ್ರೇ ಮತ್ತು ಡೌಕ್ಷ್ ಒಂದು ವಿವರಣೆಯನ್ನಿತ್ತರು: ಅದುರಿನಲ್ಲಿದ್ದ ವೆನೇಡಿಯಮ್ಮಿನಂಥ ಧಾತುಗಳ ಅತ್ಯಲ್ಪ ಅಂಶ ರೆಂಬೆಗಳ ನಡುವೆ ಸೇರಿಕೊಳ್ಳುತ್ತದೆ, ಮತ್ತೆ ಮತ್ತೆ ಕಾಸಿ ಬಡಿದಾಗ ಅಲ್ಲಿಯೇ ಕಾರ್ಬೈಡ್ ಕಣಗಳು ಸಾಲುಗಟ್ಟುತ್ತವೆ. ಆ ಧಾತುಗಳಿಲ್ಲದ ಅದುರು ಬಂದಾಗ ವಿದ್ಯೆಯೇ ಕೈಬಿಟ್ಟುಹೋಯಿತೆಂಬುದು ಅವರ ಊಹೆ.

ನಮ್ಮ ಕುಲುಮೆಗಳ ಜನ ವೆನೇಡಿಯಮ್ಮಿನ ಹೆಸರನ್ನು ಕೇಳಿರಲಿಲ್ಲ. ಅವರ ಹೆಸರನ್ನು ನಾವೂ ಕೇಳಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಕುಲುಮೆಗಳು ಒಂದೊಂದಾಗಿ ಆರಿದವು. ಎಷ್ಟು ಹೊತ್ತು ಕಾಸಬೇಕು, ಎಷ್ಟು ಹೊತ್ತು ತಣಿಯಬಿಡಬೇಕು ಎಂದು ಅವರು ಕೈಯಿಂದ ಕೈಗೆ ದಾಟಿಸಿದ್ದ ತಿಳಿವು ಯಾವ ಗ್ರಂಥದಲ್ಲೂ ಪೂರ್ಣವಾಗಿ ಉಳಿಯಲಿಲ್ಲ. ವಸ್ತುಸಂಗ್ರಹಾಲಯಗಳ ಹಳೆಯ ಖಡ್ಗಗಳಲ್ಲಿ ಮಾತ್ರ ಅದರ ಗುರುತು ಇಂದಿಗೂ ಇದೆ.