ಮೂರು ಗಂಟೆಯ ಗಡುವು: ರಕ್ತಸ್ರಾವದ ಬೆನ್ನು ಹತ್ತಿದ ಇಯಾನ್ ರಾಬರ್ಟ್ಸ್

ರಸ್ತೆ ಅಪಘಾತದಲ್ಲಿ ಗಾಯಗೊಂಡ ಯುವಕನನ್ನು ಶಸ್ತ್ರಚಿಕಿತ್ಸಕರು ನೋಡುತ್ತಾರೆ. ಆಗಷ್ಟೇ ಮಗುವನ್ನು ಹೆತ್ತ ತಾಯಿಯನ್ನು ಪ್ರಸೂತಿ ತಜ್ಞರು ನೋಡುತ್ತಾರೆ. ಆಸ್ಪತ್ರೆಯಲ್ಲಿ ಇಬ್ಬರ ವಾರ್ಡುಗಳೂ ಬೇರೆ. ಆದರೆ ಇಬ್ಬರ ಪ್ರಾಣಕ್ಕೂ ಎರವಾಗುವ ಪ್ರಮುಖ ಕಾರಣಗಳಲ್ಲಿ ಒಂದು ಸಮಾನವಾಗಿದೆ: ನಿಲ್ಲದ ರಕ್ತಸ್ರಾವ. ಈ ಸರಳ ಸಂಗತಿಯನ್ನು ಹಿಡಿದು ಎರಡು ದಶಕಗಳಿಗೂ ಮೀರಿ ಸಂಶೋಧನೆ ನಡೆಸಿದವರು ಬ್ರಿಟನ್ನಿನ ಇಯಾನ್ ರಾಬರ್ಟ್ಸ್. ಮಕ್ಕಳ ವೈದ್ಯರಾಗಿ ತರಬೇತಿ ಪಡೆದ ಅವರು ಬಳಿಕ ಲಂಡನ್ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್ ಸಂಸ್ಥೆಯಲ್ಲಿ ಎಪಿಡೆಮಿಯಾಲಜಿ ಪ್ರಾಧ್ಯಾಪಕರಾದರು. ಅದೇ ಸಂಸ್ಥೆಯ ಪ್ರಾಧ್ಯಾಪಕಿ ಹಲೀಮಾ ಶಕೂರ್-ಸ್ಟಿಲ್ ಈ ಕಾರ್ಯದಲ್ಲಿ ಅವರಿಗೆ ಸಮನಾದ ಜೊತೆಗಾರ್ತಿ.

ಅವರು ಹೊಸ ಔಷಧಿಯನ್ನೇನೂ ಕಂಡುಹಿಡಿಯಲಿಲ್ಲ. ಅರ್ಧ ಶತಮಾನದಿಂದ ಅಂಗಡಿಯ ಕಪಾಟಿನಲ್ಲಿದ್ದ ಔಷಧಿಯೊಂದು ಜೀವ ಉಳಿಸುತ್ತದೆಯೇ ಎಂದು ಯಾರೂ ಸರಿಯಾಗಿ ಪರೀಕ್ಷಿಸಿರಲಿಲ್ಲ. ಆ ಪರೀಕ್ಷೆಯನ್ನು ಅವರು ನಡೆಸಿದರು.

ಮೊದಲ ಪಾಠ

ತಲೆಗೆ ಪೆಟ್ಟು ಬಿದ್ದವರಿಗೆ ಮೆದುಳಿನ ಬಾವು ಇಳಿಯಲೆಂದು ಸ್ಟೀರಾಯ್ಡ್ ಚುಚ್ಚುಮದ್ದು ನೀಡುವುದು ಸುಮಾರು ಮೂರು ದಶಕಗಳ ಕಾಲ ಹಲವು ದೇಶಗಳಲ್ಲಿ ರೂಢಿಯಲ್ಲಿತ್ತು. ತರ್ಕಕ್ಕೆ ಒಪ್ಪುವ ಚಿಕಿತ್ಸೆ ಅದು. ಚಿಕ್ಕಪುಟ್ಟ ಪ್ರಯೋಗಗಳು ಆಗಿದ್ದವು; ಯಾವುದೂ ಖಚಿತ ಉತ್ತರ ನೀಡಿರಲಿಲ್ಲ. 1999ರಲ್ಲಿ ಆರಂಭವಾದ 'ಕ್ರ್ಯಾಶ್' ಹೆಸರಿನ ಪ್ರಯೋಗದಲ್ಲಿ ರಾಬರ್ಟ್ಸ್ ಮತ್ತು ಸಂಗಡಿಗರು 10,008 ರೋಗಿಗಳನ್ನು ಸೇರಿಸಿಕೊಂಡರು. ಚೀಟಿ ಎತ್ತಿದ ಹಾಗೆ ಅರ್ಧದಷ್ಟು ಮಂದಿಗೆ ಸ್ಟೀರಾಯ್ಡ್, ಉಳಿದವರಿಗೆ ನೋಡಲು ಹಾಗೆಯೇ ಇರುವ ಹುಸಿಮದ್ದು. ಯಾರಿಗೆ ಯಾವುದು ಎಂಬುದು ವೈದ್ಯರಿಗೂ ತಿಳಿಯದು.

2004ರಲ್ಲಿ ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ಎರಡು ವಾರಗಳೊಳಗೆ ಹುಸಿಮದ್ದು ಪಡೆದವರಲ್ಲಿ ಶೇ. 17.9ರಷ್ಟು ಮಂದಿ ಮೃತಪಟ್ಟಿದ್ದರೆ, ಸ್ಟೀರಾಯ್ಡ್ ಪಡೆದವರಲ್ಲಿ ಆ ಪ್ರಮಾಣ ಶೇ. 21.1 ಆಗಿತ್ತು. ಅಂದರೆ ಒಳಿತಾಗುವುದೆಂದು ನಂಬಿ ನೀಡುತ್ತಿದ್ದ ಮದ್ದು ನೂರಕ್ಕೆ ಮೂವರನ್ನು ಹೆಚ್ಚುವರಿಯಾಗಿ ಬಲಿ ತೆಗೆದುಕೊಳ್ಳುತ್ತಿತ್ತು. ಇಷ್ಟು ವರ್ಷಗಳಲ್ಲಿ ಜಗತ್ತಿನಾದ್ಯಂತ ಹೀಗೆ ಸತ್ತವರೆಷ್ಟು ಎಂಬ ಲೆಕ್ಕ ಯಾರ ಬಳಿಯೂ ಇಲ್ಲ. ಒಬ್ಬ ವೈದ್ಯ ತನ್ನ ಜೀವಮಾನದ ಅನುಭವದಲ್ಲಿ ಈ ವ್ಯತ್ಯಾಸವನ್ನು ಗುರುತಿಸಲಾರ. ಅದು ಕಣ್ಣಿಗೆ ಬೀಳಲು ಸಾವಿರಾರು ರೋಗಿಗಳು ಬೇಕು. ರಾಬರ್ಟ್ಸ್ ಅವರ ಮುಂದಿನ ಎಲ್ಲ ಕಾರ್ಯಕ್ಕೂ ಇದೇ ಬುನಾದಿ.

ಸಣ್ಣ ಅಧ್ಯಯನಗಳ ಬಗೆಗೆ ಅವರ ಸಂಶಯ ಇನ್ನೊಂದು ಪ್ರಕರಣದಿಂದ ಗಟ್ಟಿಯಾಯಿತು. ತಲೆಪೆಟ್ಟಿಗೆ ಅಧಿಕ ಪ್ರಮಾಣದ ಮ್ಯಾನಿಟಾಲ್ ಅದ್ಭುತ ಫಲ ನೀಡುತ್ತದೆಂದು ಸಾರಿದ್ದ ಪ್ರಯೋಗಗಳು ನಿಜಕ್ಕೂ ನಡೆದಿದ್ದವೇ ಎಂಬ ಪ್ರಶ್ನೆಯನ್ನು ಅವರು ಇತರರೊಡನೆ 2007ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಹಿರಂಗವಾಗಿ ಎತ್ತಿದರು.

ಜಪಾನಿನ ಪ್ರಯೋಗಾಲಯದಿಂದ

ಟ್ರಾನೆಕ್ಸಾಮಿಕ್ ಆಮ್ಲ ಎಂಬ ಹೆಸರು ನಮ್ಮಲ್ಲಿ ಅನೇಕ ಮಹಿಳೆಯರಿಗೆ ಪರಿಚಿತ. ಮುಟ್ಟಿನ ಅತಿಸ್ರಾವಕ್ಕೆ ವೈದ್ಯರು ಬರೆದುಕೊಡುವ ಮಾತ್ರೆ ಅದು. ಗಾಯವಾದಾಗ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪನ್ನು ಕರಗಿಸಲು ದೇಹದಲ್ಲೇ ಪ್ಲಾಸ್ಮಿನ್ ಎಂಬ ಕಿಣ್ವವಿದೆ. ತೀವ್ರ ಗಾಯದಲ್ಲೂ ಹೆರಿಗೆಯಲ್ಲೂ ಈ ಕರಗಿಸುವ ಕ್ರಿಯೆ ಕೆಲವೊಮ್ಮೆ ಅತಿಯಾಗಿ, ಕಟ್ಟಿದ ಹೆಪ್ಪು ನಿಲ್ಲದೆ ರಕ್ತ ಹರಿಯುತ್ತಲೇ ಇರುತ್ತದೆ. ಟ್ರಾನೆಕ್ಸಾಮಿಕ್ ಆಮ್ಲ ಆ ಕರಗುವಿಕೆಯನ್ನು ತಡೆಯುತ್ತದೆ.

ಇದನ್ನು 1962ರಲ್ಲಿ ಲೋಕಕ್ಕೆ ತಿಳಿಸಿದವರು ಜಪಾನಿನ ಉತಾಕೊ ಒಕಾಮೊಟೊ ಮತ್ತು ಪತಿ ಶೋಸುಕೆ ಒಕಾಮೊಟೊ. ಯುದ್ಧಾನಂತರದ ಬಡತನದಲ್ಲಿ ಅವರು ರಕ್ತವನ್ನೇ ಸಂಶೋಧನೆಗೆ ಆರಿಸಿಕೊಂಡದ್ದಕ್ಕೆ ಒಂದು ಕಾರಣ, ಸಾಕಾಗದಿದ್ದರೆ ತಮ್ಮ ರಕ್ತವನ್ನೇ ಬಳಸಬಹುದೆಂಬುದು! ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಉತಾಕೊ ಪ್ರಯೋಗಾಲಯದಲ್ಲಿ ದುಡಿದರು. ಹೆರಿಗೆಯ ಬಳಿಕದ ರಕ್ತಸ್ರಾವಕ್ಕೆ ಈ ಔಷಧಿಯನ್ನು ಪರೀಕ್ಷಿಸುವಂತೆ ಕೋಬೆ ನಗರದ ಪ್ರಸೂತಿ ತಜ್ಞರನ್ನು ಅವರು ಕೇಳಿಕೊಂಡರೂ ಯಾರೂ ಒಪ್ಪಲಿಲ್ಲ. ಔಷಧಿ ಹಲ್ಲು ಕೀಳುವಾಗ, ಮುಟ್ಟಿನ ತೊಂದರೆಯಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ ಬಳಕೆಗೆ ಬಂತು. ಹೆರಿಗೆ ಕೋಣೆಯ ಪ್ರಶ್ನೆ ಹಾಗೆಯೇ ಉಳಿಯಿತು. ಪೇಟೆಂಟ್ ಮುಗಿದ ಅಗ್ಗದ ಔಷಧಿಗಾಗಿ ಸಾವಿರಾರು ರೋಗಿಗಳ ಪ್ರಯೋಗ ನಡೆಸುವುದರಲ್ಲಿ ಕಂಪನಿಗಳಿಗೆ ಲಾಭವಾದರೂ ಏನು?

ಎರಡು ಮಹಾಪ್ರಯೋಗಗಳು

'ಕ್ರ್ಯಾಶ್-2' ಪ್ರಯೋಗದಲ್ಲಿ ಭಾರತವೂ ಸೇರಿ 40 ದೇಶಗಳ 274 ಆಸ್ಪತ್ರೆಗಳಿಂದ 20,211 ಗಾಯಾಳುಗಳು ಭಾಗವಹಿಸಿದರು. ಅದರ ವಿಧಾನ ಬೇಕೆಂದೇ ಸರಳವಾಗಿತ್ತು. ಈ ರೋಗಿಗೆ ಔಷಧಿ ಕೊಡಬೇಕೋ ಬೇಡವೋ ಎಂಬ ಅನುಮಾನ ವೈದ್ಯರಿಗಿದ್ದರೆ ಮಾತ್ರ ಸೇರ್ಪಡೆ. ಉಳಿದ ಚಿಕಿತ್ಸೆ ಆಯಾ ಆಸ್ಪತ್ರೆಯ ಪದ್ಧತಿಯಂತೆ. 2010ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಒಟ್ಟು ಮರಣ ಪ್ರಮಾಣ ಶೇ. 16ರಿಂದ ಶೇ. 14.5ಕ್ಕೆ ಇಳಿದಿತ್ತು. ರಕ್ತನಾಳಗಳಲ್ಲಿ ಹೆಪ್ಪುಗಟ್ಟಿ ಅಪಾಯವಾದೀತೆಂಬ ಭೀತಿಗೆ ಈ ಪ್ರಯೋಗದಲ್ಲಿ ಆಧಾರ ಸಿಗಲಿಲ್ಲ.

ನಿಜವಾದ ಸುದ್ದಿ ಮರುವರ್ಷ ಹೊರಬಿತ್ತು. ಗಾಯವಾದ ಒಂದು ಗಂಟೆಯೊಳಗೆ ಔಷಧಿ ಪಡೆದವರಲ್ಲಿ ರಕ್ತಸ್ರಾವದ ಸಾವು ಶೇ. 7.7ರಿಂದ 5.3ಕ್ಕೆ ತಗ್ಗಿತ್ತು. ಮೂರು ಗಂಟೆ ಮೀರಿದ ಮೇಲೆ ಪಡೆದವರಲ್ಲಿ ಅದು ಶೇ. 3.1ರಿಂದ 4.4ಕ್ಕೆ ಏರಿತ್ತು! ಅದೇ ಮದ್ದು ತಡವಾದರೆ ಕೇಡು. ಯುವ ವೈದ್ಯರಿಗೆ ಇದನ್ನು ಮುಟ್ಟಿಸಲು ರಾಬರ್ಟ್ಸ್ ಅವರ ತಂಡ ಜಪಾನಿ ಶೈಲಿಯ ಚಿತ್ರಕಥೆಯನ್ನೂ ಹೊರತಂದಿತು. ವೈದ್ಯಕೀಯ ಪತ್ರಿಕೆಯ ಲೇಖನ ಓದುವವರೆಷ್ಟು ಎಂಬುದು ಅವರಿಗೂ ಗೊತ್ತಿದ್ದಿರಬೇಕು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಚುಚ್ಚುಮದ್ದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಬಾಣಂತಿಯರ ಸರದಿ ಬಂದದ್ದು 'ವುಮನ್' ಪ್ರಯೋಗದಲ್ಲಿ. 2010ರಿಂದ 2016ರವರೆಗೆ 21 ದೇಶಗಳ 193 ಆಸ್ಪತ್ರೆಗಳಲ್ಲಿ ಹೆರಿಗೆಯ ಬಳಿಕ ಅಧಿಕ ರಕ್ತಸ್ರಾವಕ್ಕೆ ಒಳಗಾದ 20,060 ತಾಯಂದಿರು ಇದರಲ್ಲಿ ಸೇರಿದರು. 2017ರ ಏಪ್ರಿಲ್‌ನಲ್ಲಿ ಫಲಿತಾಂಶ ಪ್ರಕಟವಾಯಿತು. ಹುಸಿಮದ್ದಿನ ಗುಂಪಿನಲ್ಲಿ ರಕ್ತಸ್ರಾವದಿಂದ 191 ಮಂದಿ, ಔಷಧಿಯ ಗುಂಪಿನಲ್ಲಿ 155 ಮಂದಿ ಅಸುನೀಗಿದ್ದರು. ಮೂರು ಗಂಟೆಯೊಳಗೆ ಚಿಕಿತ್ಸೆ ಸಿಕ್ಕವರನ್ನಷ್ಟೇ ಎಣಿಸಿದರೆ 127ಕ್ಕೆ ಎದುರಾಗಿ 89. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ, ಮೂರು ಗಂಟೆಯೊಳಗೆ ಒಂದು ಗ್ರಾಂ ಔಷಧಿಯನ್ನು ರಕ್ತನಾಳಕ್ಕೆ ನೀಡಬೇಕೆಂದು ಶಿಫಾರಸು ಮಾಡಿತು.

ಈ ಫಲಿತಾಂಶಕ್ಕೆ ಆಕ್ಷೇಪವೂ ಇದೆ, ಅದನ್ನು ಮರೆಮಾಚಬೇಕಿಲ್ಲ. ಸಾವು ಅಥವಾ ಗರ್ಭಕೋಶ ತೆಗೆಯುವಿಕೆ, ಈ ಎರಡನ್ನೂ ಕೂಡಿಸಿ ಲೆಕ್ಕ ಹಾಕುವುದು ಪ್ರಯೋಗದ ಮೂಲ ಉದ್ದೇಶವಾಗಿತ್ತು. ಆ ಲೆಕ್ಕದಲ್ಲಿ ಎರಡು ಗುಂಪುಗಳ ನಡುವೆ ಗಣನೀಯ ಅಂತರವಿರಲಿಲ್ಲ: ಶೇ. 5.3 ಮತ್ತು ಶೇ. 5.5. ಆದರೆ ಅನೇಕ ಕಡೆ ಗರ್ಭಕೋಶ ತೆಗೆಯುವ ನಿರ್ಧಾರ ಔಷಧಿ ನೀಡುವ ಹೊತ್ತಿಗೇ ಆಗಿಬಿಡುತ್ತಿತ್ತು. ಔಷಧಿ ಅದನ್ನು ತಡೆಯುವುದಾದರೂ ಹೇಗೆ? ಪ್ರಯೋಗ ನಡೆಯುತ್ತಿರುವಾಗಲೇ ಇದನ್ನು ಅರಿತ ಸಂಶೋಧಕರು, ಸಾವಿನ ಲೆಕ್ಕವಾದರೂ ಸ್ಪಷ್ಟವಾಗಲಿ ಎಂದು 15 ಸಾವಿರಕ್ಕೆ ನಿಗದಿಯಾಗಿದ್ದ ಸಂಖ್ಯೆಯನ್ನು 20 ಸಾವಿರಕ್ಕೆ ಏರಿಸಿದರು. ಓದುಗರು ಇದನ್ನು ಪ್ರಾಮಾಣಿಕ ತಿದ್ದುಪಡಿ ಎನ್ನಬಹುದು, ವಿಮರ್ಶಕರು ಗುರಿಯ ಬದಲಾವಣೆ ಎನ್ನಬಹುದು. ಎರಡೂ ಪ್ರಯೋಗಗಳ 40,138 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಂತೂ ಸಮಯದ ಮಾತನ್ನೇ ಎತ್ತಿಹಿಡಿಯಿತು: ಮೂರು ಗಂಟೆಯ ಗಡುವಿನೊಳಗೆ ಪ್ರತಿ 15 ನಿಮಿಷದ ವಿಳಂಬಕ್ಕೂ ಔಷಧಿಯ ಪ್ರಯೋಜನ ಸುಮಾರು ಶೇ. 10ರಷ್ಟು ಕುಗ್ಗುತ್ತದೆ.

ವಿಫಲವಾದ ಕಡೆಗಳಲ್ಲೂ ಈ ತಂಡ ಫಲಿತಾಂಶವನ್ನು ಮುಚ್ಚಿಡಲಿಲ್ಲ. ಜಠರ ಮತ್ತು ಕರುಳಿನ ರಕ್ತಸ್ರಾವಕ್ಕೆ ಔಷಧಿ ಉಪಯುಕ್ತವಲ್ಲ, ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯವೂ ಹೆಚ್ಚು ಎಂದು 2020ರಲ್ಲಿ ಪ್ರಕಟಿಸಿತು. ರಕ್ತಹೀನತೆಯುಳ್ಳ 15,068 ತಾಯಂದಿರಿಗೆ ಹೆರಿಗೆಯಾದೊಡನೆ ಮುಂಜಾಗ್ರತೆಯಾಗಿ ನೀಡಿದಾಗ ಅಧಿಕ ರಕ್ತಸ್ರಾವ ತಪ್ಪಲಿಲ್ಲವೆಂದು 2023ರಲ್ಲಿ ತಿಳಿಸಿತು. ತಲೆಪೆಟ್ಟಿನ 'ಕ್ರ್ಯಾಶ್-3' ಪ್ರಯೋಗದಲ್ಲಿ, 2019ರ ವರದಿಯಂತೆ, ಸಾಧಾರಣ ಪೆಟ್ಟಿನವರಿಗೆ ಅನುಕೂಲ ಕಂಡಿತು. ತೀವ್ರ ಪೆಟ್ಟಿನವರಿಗೆ ಸ್ಪಷ್ಟವಾಗಿ ಕಾಣಲಿಲ್ಲ.

ಬೆಳಗಾವಿಯ ಚೀಲ

ಔಷಧಿ ಇದ್ದರೆ ಸಾಲದು, ರಕ್ತ ಹೆಚ್ಚು ಹೋಗುತ್ತಿದೆ ಎಂಬುದು ಮೊದಲು ತಿಳಿಯಬೇಕು. ಇಲ್ಲಿ ಕರ್ನಾಟಕದ ಪಾತ್ರವಿದೆ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರು ಅಮೆರಿಕದ ಸಹೋದ್ಯೋಗಿಗಳೊಡನೆ 2002ರಿಂದ 2005ರವರೆಗೆ ಜಿಲ್ಲೆಯ ಹಳ್ಳಿಗಳಲ್ಲಿ 1,620 ತಾಯಂದಿರ ಮೇಲೆ ಬೇರೊಂದು ಔಷಧಿಯ, ಅಂದರೆ ಮಿಸೊಪ್ರೊಸ್ಟಾಲ್ ಮಾತ್ರೆಯ ಪರೀಕ್ಷೆ ನಡೆಸಿದ್ದರು. ಹೆರಿಗೆ ಮಾಡಿಸುತ್ತಿದ್ದವರು ವೈದ್ಯರಲ್ಲ, ಎಎನ್‌ಎಂ ಸಹಾಯಕಿಯರು. ಅಧಿಕ ರಕ್ತಸ್ರಾವದ ಪ್ರಮಾಣ ಶೇ. 12ರಿಂದ 6.4ಕ್ಕೆ ಇಳಿಯಿತು. ಹೆರಿಗೆಯ ಬಳಿಕದ ರಕ್ತಸ್ರಾವವನ್ನು ತಡೆಯುವ ಬಳಕೆಗಾಗಿ ಈ ಮಾತ್ರೆಯೂ 2011ರಲ್ಲೇ ಅಗತ್ಯ ಔಷಧಿಗಳ ಪಟ್ಟಿ ಸೇರಿತು.

ರಕ್ತವನ್ನು ಅಳೆಯಲು ಅವರು ಬಾಣಂತಿಯ ಕೆಳಗೆ ಹಾಸುವ, ತುದಿಯಲ್ಲಿ ಅಳತೆಯ ಗೆರೆಗಳುಳ್ಳ ಪ್ಲಾಸ್ಟಿಕ್ ಚೀಲವನ್ನು ರೂಪಿಸಿದ್ದರು. ಕಣ್ಣಂದಾಜು ಎಷ್ಟು ತಪ್ಪುತ್ತದೆಂಬುದು ಅದರಿಂದ ಗೊತ್ತಾಯಿತು: ಅಂದಾಜು ಚೀಲದ ಅಳತೆಗಿಂತ ಶೇ. 33ರಷ್ಟು ಕಡಿಮೆ ಇರುತ್ತಿತ್ತು. 2023ರಲ್ಲಿ ವರದಿಯಾದ 'ಇ-ಮೋಟಿವ್' ಎಂಬ ಆಫ್ರಿಕಾದ ಅಧ್ಯಯನದಲ್ಲಿ ಅದೇ ಬಗೆಯ ಅಳತೆಚೀಲ, ಗರ್ಭಕೋಶದ ನೀವುವಿಕೆ, ಗರ್ಭಕೋಶವನ್ನು ಬಿಗಿಗೊಳಿಸುವ ಔಷಧಿ, ಟ್ರಾನೆಕ್ಸಾಮಿಕ್ ಆಮ್ಲ, ಡ್ರಿಪ್ ಮತ್ತು ತಪಾಸಣೆಯನ್ನು ಒಟ್ಟಾಗಿ ಬಳಸಲಾಯಿತು. ಕೀನ್ಯಾ, ನೈಜೀರಿಯ, ದಕ್ಷಿಣ ಆಫ್ರಿಕ, ಟಾಂಜಾನಿಯಗಳ ಎರಡು ಲಕ್ಷಕ್ಕೂ ಮೀರಿದ ಹೆರಿಗೆಗಳಲ್ಲಿ ತೀವ್ರ ರಕ್ತಸ್ರಾವದ ಪ್ರಮಾಣ ಶೇ. 4.3ರ ಬದಲು 1.6ರಷ್ಟಿತ್ತು. ವಾಡಿಕೆಯ ಆರೈಕೆಯಲ್ಲಿ ಸುಮಾರು ಅರ್ಧದಷ್ಟು ಪ್ರಕರಣಗಳು ಪತ್ತೆಯೇ ಆಗುತ್ತಿರಲಿಲ್ಲ.

ಒಂದು ಎಚ್ಚರಿಕೆಯನ್ನೂ ಇಲ್ಲಿ ಹೇಳಬೇಕು. ಬೆನ್ನುಹುರಿಗೆ ನೀಡುವ ಅರಿವಳಿಕೆ ಮದ್ದಿನ ಆಂಪ್ಯೂಲಿಗೂ ಟ್ರಾನೆಕ್ಸಾಮಿಕ್ ಆಮ್ಲದ ಆಂಪ್ಯೂಲಿಗೂ ನೋಟದಲ್ಲಿ ಹೋಲಿಕೆ ಇದ್ದು, ಒಂದರ ಬದಲು ಇನ್ನೊಂದನ್ನು ಚುಚ್ಚಿದ ಮಾರಕ ಪ್ರಮಾದಗಳು ನಡೆದಿವೆ. ಎರಡನ್ನೂ ಬೇರೆ ಬೇರೆ ಕಡೆ ಇರಿಸುವಂತೆ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿತು.

ಉಳಿದಿರುವ ತೊಡಕು ಸೂಜಿಯದು. ರಕ್ತನಾಳಕ್ಕೆ ಔಷಧಿ ನೀಡಲು ಡ್ರಿಪ್ ಹಾಕಬಲ್ಲ ಕೈ ಬೇಕು. ಮನೆ ಹೆರಿಗೆಯಲ್ಲಿ, ದೂರದ ಉಪಕೇಂದ್ರದಲ್ಲಿ, ಓಡುವ ಆಂಬುಲೆನ್ಸಿನಲ್ಲಿ ಅದು ಸಿಗದು, ಸಿಗುವಷ್ಟರಲ್ಲಿ ಮೂರು ಗಂಟೆ ಕಳೆದಿರುತ್ತದೆ. ಸ್ನಾಯುವಿಗೆ ಚುಚ್ಚಿದರೆ ಸಾಕಾಗುವುದೇ ಎಂದು 30 ಗಾಯಾಳುಗಳಲ್ಲಿ ನೋಡಿದಾಗ ಸುಮಾರು 11 ನಿಮಿಷಗಳಲ್ಲಿ ಔಷಧಿ ರಕ್ತದಲ್ಲಿ ಬೇಕಾದ ಮಟ್ಟ ತಲುಪಿತೆಂದು 2021ರಲ್ಲಿ ವರದಿಯಾಯಿತು. ಅದರ ಬೆನ್ನಲ್ಲೇ ಲಂಡನ್ ತಂಡ 30 ಸಾವಿರ ತಾಯಂದಿರ ಗುರಿಯೊಡನೆ ಸ್ನಾಯು ಚುಚ್ಚುಮದ್ದಿನ ಪ್ರಯೋಗಕ್ಕೆ ಕೈಹಾಕಿತು. ಹೆರಿಗೆಯ ರಕ್ತಸ್ರಾವಕ್ಕೆ ಪರೀಕ್ಷೆ ನಡೆಯಲಿ ಎಂದು ಕೋಬೆಯಲ್ಲಿ ಕೇಳಿಕೊಂಡಿದ್ದ ಉತಾಕೊ ಒಕಾಮೊಟೊ, 'ವುಮನ್' ಫಲಿತಾಂಶ ಹೊರಬೀಳುವ ಒಂದು ವರ್ಷ ಮೊದಲು, 2016ರ ಏಪ್ರಿಲ್‌ನಲ್ಲಿ, 98ನೆಯ ವಯಸ್ಸಿನಲ್ಲಿ ನಿಧನರಾದರು.