ಸೊಂಟಕ್ಕೆ ಬಂದ ಇನ್ಸುಲಿನ್

ನಮ್ಮ ಹಳ್ಳಿಗಳಲ್ಲಿ ಸಕ್ಕರೆ ಕಾಯಿಲೆ ಎಂದರೆ ವಯಸ್ಸಾದವರ ಕಾಯಿಲೆ. ಮಾತ್ರೆ ನುಂಗಿ, ಅನ್ನ ಬಿಟ್ಟು ಮುದ್ದೆ ಉಂಡರೆ ಹತೋಟಿಗೆ ಬರುತ್ತದೆ ಎಂಬುದು ಸಾಮಾನ್ಯ ತಿಳುವಳಿಕೆ. ಹಾಗಾಗಿ ಎಂಟು ವರ್ಷದ ಮಗು ಬಿಂದಿಗೆಗಟ್ಟಲೆ ನೀರು ಕುಡಿಯುತ್ತಾ ಹದಿನೈದು ದಿನದಲ್ಲಿ ಸೊರಗಿ ಹೋದಾಗ ಯಾರಿಗೂ ಸಕ್ಕರೆಯ ನೆನಪಾಗುವುದಿಲ್ಲ. ಆಸ್ಪತ್ರೆಯಲ್ಲಿ "ಇದು ಟೈಪ್-1 ಮಧುಮೇಹ, ಜೀವನಪೂರ್ತಿ ಇನ್ಸುಲಿನ್ ಬೇಕು" ಎಂದ ಮೇಲೂ ಮನೆಯವರು ನಂಬುವುದಿಲ್ಲ. ಸಿಹಿ ತಿನ್ನಿಸಿ ಮಗುವನ್ನು ಕೆಡಿಸಿದಳೆಂಬ ಮಾತು ಕೊನೆಗೆ ತಾಯಿಯ ತಲೆಗೇ ಬರುತ್ತದೆ.

ಇಂಥ ಮಕ್ಕಳಿಗಾಗಿ ಈಗ ಇನ್ಸುಲಿನ್ ಪಂಪ್ ಎಂಬ ಯಂತ್ರವಿದೆ. ಹಿಂದಿನ ಪೇಜರಿನಷ್ಟು ದೊಡ್ಡ ಡಬ್ಬಿ. ಸೊಂಟಕ್ಕೆ ಸಿಕ್ಕಿಸಿಕೊಂಡರೆ ಸಣ್ಣ ಕೊಳವೆಯೊಂದರ ಮೂಲಕ ಹೊಟ್ಟೆಯ ಚರ್ಮದ ಕೆಳಗೆ ಹಗಲೂ ರಾತ್ರಿ ಹನಿಹನಿಯಾಗಿ ಇನ್ಸುಲಿನ್ ಬಿಡುತ್ತದೆ. ಹೊನ್ನವಳ್ಳಿಯಂಥ ತೆಂಗಿನ ಸೀಮೆಯ ಊರಿಗೆ ಇದು ಬಂದರೆ ಮನೆಯವರು ಅದಕ್ಕೆ ಹೇಗೆ ಹೊಂದಿಕೊಳ್ಳಬೇಕು? ಇದಕ್ಕೆ ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಈ ಕಾಯಿಲೆ ಇಂದು ನಿನ್ನೆಯದಲ್ಲ. ಸುಶ್ರುತ ಸಂಹಿತೆಯಲ್ಲೇ ಎರಡು ಬಗೆಯ ಪ್ರಮೇಹದ ಪ್ರಸ್ತಾಪವಿದೆ. ಹುಟ್ಟಿನಿಂದ ಬರುವ 'ಸಹಜ' ಬಗೆಯಲ್ಲಿ ರೋಗಿ ಬಡಕಲಾಗಿರುತ್ತಾನೆ. ಅಪಥ್ಯದಿಂದ ಬರುವ ಬಗೆಯಲ್ಲಿ ಸ್ಥೂಲಕಾಯನಾಗಿರುತ್ತಾನೆ. ಇಂದಿನ ಟೈಪ್-1, ಟೈಪ್-2 ವಿಂಗಡಣೆಗೆ ಇದು ಆಶ್ಚರ್ಯವಾಗುವಷ್ಟು ಹತ್ತಿರ. ಹನ್ನೊಂದನೆಯ ಶತಮಾನದಲ್ಲಿ ಇಬ್ನ್ ಸೀನಾ ತನ್ನ ವೈದ್ಯಗ್ರಂಥದಲ್ಲಿ ರೋಗಿಯ ಮೂತ್ರದ ಸಿಹಿಯನ್ನೂ, ಅಂಗ ಕೊಳೆಯುವ ಗ್ಯಾಂಗ್ರಿನ್ನನ್ನೂ ದಾಖಲಿಸಿದ. ಆತ ಸೂಚಿಸಿದ ಔಷಧಗಳಲ್ಲಿ ನಮ್ಮ ಮೆಂತ್ಯವೂ ಇತ್ತು. ಗುರುತಿಸುವವರು ಇದ್ದರು, ಉಳಿಸುವ ಔಷಧ ಮಾತ್ರ ಇರಲಿಲ್ಲ. 1910ರ ದಶಕದಲ್ಲೂ ಅಮೆರಿಕದ ದೊಡ್ಡ ವೈದ್ಯರು ಮಧುಮೇಹದ ಮಕ್ಕಳನ್ನು ಉಪವಾಸ ಕೆಡವಿ ಕೆಲವು ತಿಂಗಳ ಆಯಸ್ಸು ಗಳಿಸಿಕೊಡುತ್ತಿದ್ದರು. ಅದೇ ಆಗಿನ ಅತ್ಯುತ್ತಮ ಚಿಕಿತ್ಸೆ.

1921ರ ಬೇಸಿಗೆಯಲ್ಲಿ ಕೆನಡಾದ ಟೊರಾಂಟೋದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ನಾಯಿಗಳ ಮೇದೋಜೀರಕ ಗ್ರಂಥಿಯಿಂದ ಒಂದು ಸಾರ ತೆಗೆದರು. 1922ರ ಜನವರಿ 11ರಂದು ಅಂಥದೊಂದು ಸಾರವನ್ನು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಚುಚ್ಚಿದರು. ಸಾರ ಶುದ್ಧವಾಗಿರಲಿಲ್ಲ, ಚುಚ್ಚಿದ ಜಾಗ ಕೀವುಗಟ್ಟಿತು. ಜೇಮ್ಸ್ ಕಾಲಿಪ್ ಅದನ್ನು ಶುದ್ಧಗೊಳಿಸಿದ ಮೇಲೆ ಜನವರಿ 23ರಂದು ಮತ್ತೆ ಕೊಟ್ಟರು. ಹುಡುಗ ಚೇತರಿಸಿಕೊಂಡ, ಇನ್ನೂ ಹದಿಮೂರು ವರ್ಷ ಬದುಕಿದ. ಸಂಶೋಧಕರು ಪೇಟೆಂಟನ್ನು ಟೊರಾಂಟೋ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟರು. ಅದೇ ಇನ್ಸುಲಿನ್ ತುಂಬುವ ಪಂಪಿನ ಬೆಲೆ ಇಂದು ನಮ್ಮಲ್ಲಿ ಲಕ್ಷಗಳಲ್ಲಿದೆ.

ದಶಕಗಳ ಕಾಲ ಇನ್ಸುಲಿನ್ ಬಂದದ್ದು ಕಸಾಯಿಖಾನೆಯ ದನ ಮತ್ತು ಹಂದಿಗಳ ಗ್ರಂಥಿಯಿಂದ. ಎಷ್ಟೋ ಮನೆಗಳಿಗೆ ಇದು ಮನಸ್ಸಿಗೆ ಒಗ್ಗದ ಸಂಗತಿಯಾಗಿತ್ತು. 1982ರಲ್ಲಿ ಸೂಕ್ಷ್ಮಜೀವಿಗಳಿಂದ ತಯಾರಿಸಿದ ಮಾನವ ಇನ್ಸುಲಿನ್ನಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕ ಮೇಲೆ ಆ ತೊಡಕು ಕ್ರಮೇಣ ಕಳೆಯಿತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಕಂಪನಿಯೇ ಯೀಸ್ಟ್ ಬಳಸಿ ತಯಾರಿಸಿದ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು.

ತಾಯಿಯ ತಲೆಗೆ ಬರುವ ಆಪಾದನೆಯ ಬಗ್ಗೆಯೂ ಇಲ್ಲೇ ಒಂದು ಮಾತು ಹೇಳಬೇಕು. 1983ರಲ್ಲಿ ಬಾಸ್ಟನ್ನಿನ ಜೋಸ್ಲಿನ್ ಕೇಂದ್ರದಿಂದ ಹೊರಬಂದ ಒಂದು ಅಧ್ಯಯನದ ಮೊದಲ ಲೇಖಕರು ಡಾ. ಎಸ್. ಎಸ್. ಶ್ರೀಕಾಂತ. ಮುಂದೆ ಬೆಂಗಳೂರಿನಲ್ಲಿ ಮಧುಮೇಹ ಚಿಕಿತ್ಸೆಯಲ್ಲಿ ತೊಡಗಿದವರು. ತದ್ರೂಪಿ ಅವಳಿ-ತ್ರಿವಳಿಗಳಲ್ಲಿ ಒಬ್ಬರಿಗೆ ಕಾಯಿಲೆ ಬಂದು ಇನ್ನೊಬ್ಬರಿಗೆ ಬಾರದಿದ್ದಾಗ, ಬಾರದವರ ರಕ್ತವನ್ನು ವರ್ಷಗಟ್ಟಲೆ ಪರೀಕ್ಷಿಸಿದ ಅಧ್ಯಯನವದು. ಕಾಯಿಲೆ ಮೇಲಕ್ಕೆ ಕಾಣುವ ಎಷ್ಟೋ ಮೊದಲೇ, ಇನ್ಸುಲಿನ್ ತಯಾರಿಸುವ ಕೋಶಗಳ ವಿರುದ್ಧ ದೇಹದ ಸ್ವಂತ ರಕ್ಷಣಾ ವ್ಯವಸ್ಥೆ ಎದ್ದು ನಿಂತಿರುತ್ತದೆ ಎಂಬುದಕ್ಕೆ ಅದು ಪುರಾವೆ ಒದಗಿಸಿತು. ಹಬ್ಬದ ದಿನ ಮಗು ತಿಂದ ಒಬ್ಬಟ್ಟಿಗೂ ಟೈಪ್-1 ಮಧುಮೇಹಕ್ಕೂ ಸಂಬಂಧವಿಲ್ಲ. ಇದನ್ನು ನಮ್ಮ ಮನೆಗಳಲ್ಲಿ ಗಟ್ಟಿಯಾಗಿ ಹೇಳುವವರು ಬೇಕಾಗಿದ್ದಾರೆ.

ಇನ್ನು ಪಂಪಿನ ಕಥೆ. ಆರೋಗ್ಯವಂತರ ಗ್ರಂಥಿ ದಿನವಿಡೀ ಸಣ್ಣ ಪ್ರಮಾಣದಲ್ಲಿ ಇನ್ಸುಲಿನ್ ಸುರಿಸುತ್ತದೆ, ಊಟಕ್ಕೆ ಕೂತಾಗ ಹೆಚ್ಚು ಸುರಿಸುತ್ತದೆ. ದಿನಕ್ಕೆರಡು ಸೂಜಿಯಿಂದ ಇದನ್ನು ಅನುಕರಿಸುವುದು ಕಷ್ಟ. 1960ರ ದಶಕದ ಆರಂಭದಲ್ಲಿ ಲಾಸ್ ಏಂಜಲೀಸ್‌ನ ವೈದ್ಯ ಆರ್ನಾಲ್ಡ್ ಕ್ಯಾಡಿಶ್ ಒಂದು ಯಂತ್ರ ಕಟ್ಟಿದ. ಅದು ಬೆನ್ನಿಗೆ ಹೊರುವ ಚೀಲದಷ್ಟು ದೊಡ್ಡದು, ನಿತ್ಯದ ಬಳಕೆಗೆ ಆಗುವಂಥದ್ದಲ್ಲ. 1978ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಜಾನ್ ಪಿಕಪ್, ಹ್ಯಾರಿ ಕೀನ್ ಮತ್ತು ಸಂಗಡಿಗರು ಕಿಸೆಯಲ್ಲಿಡಬಹುದಾದ ಪಂಪಿನಿಂದ ಚರ್ಮದ ಕೆಳಗೆ ಸತತವಾಗಿ ಇನ್ಸುಲಿನ್ ಹರಿಸಬಹುದೆಂದು ತೋರಿಸಿಕೊಟ್ಟರು. ಇಂದಿನ ಪಂಪುಗಳ ಮೂಲ ಅಲ್ಲಿದೆ.

ಆಮೇಲಿನ ಕೆಲವು ವರ್ಷ ಪಂಪಿನ ಮೋಹ ಹೆಚ್ಚಾಯಿತು, ಅದರ ಹಿಂದೆಯೇ ಅನಾಹುತಗಳೂ ಬಂದವು. ಕೊಳವೆ ಕಟ್ಟಿಕೊಂಡದ್ದು ತಿಳಿಯುತ್ತಿರಲಿಲ್ಲ, ಚುಚ್ಚಿದ ಜಾಗ ಸೋಂಕಾಗುತ್ತಿತ್ತು. ಯಂತ್ರ ನೋಡಿಕೊಳ್ಳುತ್ತದೆ ಎಂದು ಕಟ್ಟಿಕೊಂಡು ಸುಮ್ಮನಾದವರು ಕಷ್ಟಕ್ಕೆ ಸಿಕ್ಕಿದರು. ರೋಗಿಗೆ ಕಲಿಸುವುದೇ ಚಿಕಿತ್ಸೆಯ ಅರ್ಧ ಎಂದು ನಂಬಿದ್ದ ಎಲಿಯಟ್ ಜೋಸ್ಲಿನ್ 1918ರಷ್ಟು ಹಿಂದೆಯೇ ರೋಗಿಗಳಿಗೆಂದು ಕೈಪಿಡಿ ಬರೆದಿದ್ದ. ಆ ಪಾಠವನ್ನು ಪಂಪಿನ ಕಾಲದಲ್ಲಿ ಮತ್ತೆ ಕಲಿಯಬೇಕಾಯಿತು. 1993ರಲ್ಲಿ ಪ್ರಕಟವಾದ ಅಮೆರಿಕ-ಕೆನಡಾದ ದೊಡ್ಡ ಅಧ್ಯಯನದಲ್ಲಿ 1441 ಮಂದಿ ಇದ್ದರು. ದಿನಕ್ಕೆ ಮೂರು ಬಾರಿ ಅಥವಾ ಅದಕ್ಕಿಂತ ಹೆಚ್ಚು ಸೂಜಿ ಇಲ್ಲವೇ ಪಂಪ್ ಬಳಸಿ, ಮತ್ತೆ ಮತ್ತೆ ರಕ್ತ ಪರೀಕ್ಷಿಸಿ, ಸಕ್ಕರೆಯನ್ನು ಬಿಗಿಯಾಗಿ ಹಿಡಿದವರಲ್ಲಿ ಹೊಸದಾಗಿ ಕಣ್ಣಿನ ತೊಂದರೆ ಕಾಣಿಸಿಕೊಳ್ಳುವ ಅಪಾಯ ಶೇ. 76ರಷ್ಟು ಇಳಿಯಿತು. ಆದರೆ ಸಕ್ಕರೆ ತೀರಾ ಕುಸಿಯುವ ಅಪಾಯ ಸುಮಾರು ಮೂರು ಪಟ್ಟು ಹೆಚ್ಚಿತು. 2016ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಪಂಪೊಂದು ಚರ್ಮದಲ್ಲಿಟ್ಟ ಸೆನ್ಸರಿನ ಲೆಕ್ಕ ನೋಡಿ ಮೂಲ ಇನ್ಸುಲಿನ್ನನ್ನು ತಾನೇ ಏರಿಳಿಸುತ್ತದೆ. ಅದಕ್ಕೂ ಊಟದ ಲೆಕ್ಕವನ್ನು ನಾವೇ ಹೇಳಬೇಕು.

ಈ ಊಟದ ಲೆಕ್ಕವೇ ದೊಡ್ಡ ಕಸರತ್ತು. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಶರ್ಕರಪಿಷ್ಟ. ಮುದ್ದೆ ಸಕ್ಕರೆ ಕಾಯಿಲೆಗೆ ಔಷಧ ಎಂದು ಲೆಕ್ಕ ಮಾಡದೆ ಉಣ್ಣುವ ಹಾಗಿಲ್ಲ. ಕೈ ಅಳತೆಯಲ್ಲಿ ಮುದ್ದೆ ಕಟ್ಟುವ ಅಡುಗೆಮನೆಯಲ್ಲಿ ಕೆಲವು ತಿಂಗಳಾದರೂ ತಕ್ಕಡಿ ಇರಬೇಕು. ತೆಂಗಿನಕಾಯಿಯದು ಇನ್ನೊಂದು ಲೆಕ್ಕ. ಹಸಿಕಾಯಿಯಲ್ಲಾಗಲಿ ಕೊಬ್ಬರಿಯಲ್ಲಾಗಲಿ ಸಕ್ಕರೆ ಕಡಿಮೆ, ಕೊಬ್ಬು ಹೆಚ್ಚು. ಕಾಯಿ ಧಾರಾಳವಾಗಿ ಅರೆದ ಸಾರು, ಬಿರಿಯಾನಿ ಉಂಡಾಗ ಕೊಬ್ಬು ಜೀರ್ಣವನ್ನು ನಿಧಾನಿಸುತ್ತದೆ. ಊಟವಾಗಿ ಮೂರು ನಾಲ್ಕು ಗಂಟೆಯ ಮೇಲೆ ಸಕ್ಕರೆ ಏರುತ್ತದೆ. ಊಟದ ಪಾಲಿನ ಇನ್ಸುಲಿನ್ನನ್ನು ಒಮ್ಮೆಲೇ ಕೊಡದೆ ಒಂದೆರಡು ಗಂಟೆಗೆ ಹಂಚಿ ಬಿಡುವ ಸೌಕರ್ಯ ಅನೇಕ ಪಂಪುಗಳಲ್ಲಿದೆ. ಸೂಜಿಯಿಂದ ಇದು ಸುಲಭವಲ್ಲ. ತೆಂಗಿನ ಸೀಮೆಯವರಿಗೆ ಪಂಪಿನಿಂದ ಆಗುವ ನಿಜವಾದ ಲಾಭ ಇದು ಎಂದು ನನಗನ್ನಿಸುತ್ತದೆ.

ತೋಟದ ಕೆಲಸವೂ ಲೆಕ್ಕಕ್ಕೆ ಬರುತ್ತದೆ. ಬೆಳಗಿನಿಂದ ಕಾಯಿ ಸುಲಿಯುವವನಿಗೆ, ಹೊರುವವನಿಗೆ ಸಕ್ಕರೆ ಕುಸಿಯಬಹುದು. ಕೆಲಸ ಶುರುವಾಗುವ ಗಂಟೆ ಮೊದಲೇ ಪಂಪಿನ ಹರಿವನ್ನು ತಾತ್ಕಾಲಿಕವಾಗಿ ತಗ್ಗಿಸುವುದನ್ನು ವೈದ್ಯರಿಂದ ಕಲಿತುಕೊಳ್ಳಬೇಕು. ಕುಸಿದಾಗ ಕೈಗೆ ಸಿಗುವುದು ಎಳನೀರು. ಆದರೆ ಒಂದು ಎಳನೀರಿನಲ್ಲಿ ಸಾಮಾನ್ಯವಾಗಿ ಹತ್ತು ಹನ್ನೆರಡು ಗ್ರಾಂ ಸಕ್ಕರೆ ಇರಬಹುದು, ಅದೂ ಕಾಯಿಂದ ಕಾಯಿಗೆ ಬೇರೆ. ಬೇಕಾದದ್ದು ತಕ್ಷಣ ಸುಮಾರು 15 ಗ್ರಾಂ. ಜೇಬಿನಲ್ಲಿ ಗ್ಲೂಕೋಸ್ ಪುಡಿ ಇಲ್ಲವೇ ಸಕ್ಕರೆಯ ಪೊಟ್ಟಣ ಇಟ್ಟುಕೊಳ್ಳುವುದೇ ವಾಸಿ.

ಉಪವಾಸದ ವಿಷಯ ನಮ್ಮ ಓದುಗರಲ್ಲಿ ಅನೇಕರಿಗೆ ಬಂದೇ ಬರುತ್ತದೆ. 2001ರಲ್ಲಿ 13 ದೇಶಗಳ 12,243 ಮುಸ್ಲಿಂ ಮಧುಮೇಹಿಗಳ ಅಧ್ಯಯನ ನಡೆಯಿತು. ಟೈಪ್-1 ಇದ್ದವರಲ್ಲಿ ಶೇ. 43ರಷ್ಟು ಮಂದಿ ರಮಝಾನಿನಲ್ಲಿ ಕನಿಷ್ಠ 15 ದಿನ ಉಪವಾಸ ಹಿಡಿದಿದ್ದರು. ಅವರ ಗುಂಪಿನಲ್ಲಿ ಸಕ್ಕರೆಯ ತೀವ್ರ ಕುಸಿತ ಆ ತಿಂಗಳು 4.7 ಪಟ್ಟು ಏರಿತ್ತು. ಪಂಪ್ ಇದ್ದರೆ ಹಗಲಿನ ಹರಿವನ್ನು ಇಳಿಸಬಹುದು ನಿಜ, ಆದರೂ ವೈದ್ಯರನ್ನು ಕೇಳದೆ ಹಿಡಿಯುವುದು ತರವಲ್ಲ.

ಲೆಕ್ಕಕ್ಕಿಂತ ಕಷ್ಟದ್ದು ಮನಸ್ಸು ಒಗ್ಗುವುದು. ಮಲಗುವಾಗ ಎಲ್ಲಿಡುವುದು, ಸೀರೆಯ ನೆರಿಗೆಗೋ ಕಮೀಜಿನ ಒಳಜೇಬಿಗೋ, ತರಗತಿಯಲ್ಲಿ ಕಿರುಗುಟ್ಟಿದರೆ ಮೇಷ್ಟರು ಮೊಬೈಲೆಂದು ಗದರಿಸಿದರೆ? ಹೆಣ್ಣುಮಗುವಾದರೆ ಮದುವೆಯ ಚಿಂತೆ ಎಲ್ಲಕ್ಕಿಂತ ಮೊದಲು ಬರುತ್ತದೆ. ಸೂಜಿಯನ್ನು ಬಚ್ಚಲುಮನೆಯಲ್ಲಿ ಗುಟ್ಟಾಗಿ ಚುಚ್ಚಿಕೊಳ್ಳಬಹುದಿತ್ತು, ಪಂಪ್ ಎಲ್ಲರ ಕಣ್ಣಿಗೆ ಬೀಳುತ್ತದೆ. ಕೆಲವು ಹುಡುಗಿಯರು ಅದನ್ನು ಬಿಚ್ಚಿಟ್ಟು ಮದುವೆ ಮನೆಗೆ ಹೋಗುವುದುಂಟು. ಇದು ಅಪಾಯದ ಕೆಲಸ. ಪಂಪಿನಲ್ಲಿರುವುದು ಬೇಗ ಕೆಲಸ ಮಾಡಿ ಬೇಗ ಮುಗಿಯುವ ಇನ್ಸುಲಿನ್ ಮಾತ್ರ. ಸ್ನಾನಕ್ಕೆಂದು ಸ್ವಲ್ಪ ಹೊತ್ತು ತೆಗೆದಿಡಬಹುದು. ಐದಾರು ಗಂಟೆ ಹರಿವು ನಿಂತರೆ ರಕ್ತದಲ್ಲಿ ಕೀಟೋನ್ ಏರಿ ವಾಂತಿ, ಉಬ್ಬಸ ಶುರುವಾಗಬಹುದು.

ಆದ್ದರಿಂದ ಪಂಪ್ ಬಂತೆಂದು ಹಳೆಯ ಸಾಮಾನನ್ನು ಎಸೆಯುವಂತಿಲ್ಲ. ಎರಡು ಮೂರು ದಿನಕ್ಕೊಮ್ಮೆ ಕೊಳವೆ ಬದಲಿಸಬೇಕು, ಅದರ ತಿಂಗಳ ಖರ್ಚನ್ನು ಕೊಬ್ಬರಿಯ ದರ ಏರಿಳಿಯುವ ಮನೆಯಲ್ಲಿ ಮೊದಲೇ ಎತ್ತಿಡಬೇಕು. ಕರೆಂಟು ಹೋದರೂ ಪಂಪ್ ಬ್ಯಾಟರಿಯಲ್ಲಿ ನಡೆಯುತ್ತದೆ, ಫ್ರಿಜ್ ನಡೆಯುವುದಿಲ್ಲ. ನೀರು ಜಿನುಗುವ ಮಣ್ಣಿನ ಮಡಕೆಯಲ್ಲಿ ಇನ್ಸುಲಿನ್ ಸೀಸೆಯನ್ನು ನೀರು ತಾಗದಂತೆ ಇಟ್ಟು ತಂಪಾಗಿಸುವ ರೂಢಿ ನಮ್ಮ ದೇಶದ ಹಳ್ಳಿಗಳಲ್ಲಿದೆ. ಒಂದು ಸೀಸೆ ದೀರ್ಘಾವಧಿಯ ಇನ್ಸುಲಿನ್, ನಾಲ್ಕು ಸಿರಿಂಜು, ಕೀಟೋನ್ ಪಟ್ಟಿಗಳು, ಮತ್ತು ಪಂಪಿನಲ್ಲಿ ತುಂಬಿಸಿದ ಪ್ರಮಾಣಗಳನ್ನೆಲ್ಲ ಬರೆದಿಟ್ಟ ಒಂದು ಹಾಳೆ, ಇಷ್ಟು ಮನೆಯಲ್ಲಿ ಸದಾ ಇರಬೇಕು. ಅವು ಎಲ್ಲಿವೆಯೆಂದು ಮಗುವಿಗೆ, ತಾಯಿಗೆ, ಪಕ್ಕದ ಮನೆಯ ಒಬ್ಬರಿಗಾದರೂ ಗೊತ್ತಿರಬೇಕು.