ಅಡಿಗೆಕಟ್ಟೆಯ ಕಲ್ಲು, ಎದೆಯೊಳಗಿನ ಧೂಳು

ಕಲ್ಲಿನ ಚರಿತ್ರೆ ಅಂದರೆ ನಮ್ಮ ಪಠ್ಯಪುಸ್ತಕಗಳಿಗೆ ರಾಜರ ಚರಿತ್ರೆ. ಕಟ್ಟಿಸಿದವನ ಹೆಸರು ಗೊತ್ತು, ಒಮ್ಮೊಮ್ಮೆ ಕೆತ್ತಿದ ರೂವಾರಿಯ ಹೆಸರೂ ಗೊತ್ತು. ಬಂಡೆ ಸೀಳಿ ಕೊಟ್ಟವನ ಹೆಸರು ಗೊತ್ತಿಲ್ಲ. ಅವನು ಯಾವ ವಯಸ್ಸಿಗೆ ಕೆಮ್ಮಿ ಕೆಮ್ಮಿ ಸತ್ತ ಅನ್ನುವುದಂತೂ ನಾವು ಓದಿದ ಯಾವ ಶಾಸನದಲ್ಲೂ ಕಾಣಲಿಲ್ಲ.

ಆದರೆ ಅವನ ವಿದ್ಯೆ ಸಣ್ಣದಲ್ಲ. ಬೆಂಗಳೂರು ಸೀಮೆಯ ಕಲ್ಲುವಡ್ಡರು ಬಂಡೆಯ ಮೇಲೆ ಸೌದೆಯ ಬೆಂಕಿಸಾಲು ಹಾಕಿ, ಅದನ್ನು ನಿಧಾನವಾಗಿ ಮುಂದೆ ಮುಂದೆ ತಳ್ಳುತ್ತಾ, ಸುತ್ತಿಗೆಯಿಂದ ಬಡಿದು ಸದ್ದು ಕೇಳಿ, ಎಲ್ಲಿಯವರೆಗೆ ಪದರ ಬಿಟ್ಟುಕೊಂಡಿದೆ ಅಂತ ಹೇಳುತ್ತಿದ್ದರು. 1895ರಲ್ಲಿ ಇಂಗ್ಲೆಂಡಿನ 'ನೇಚರ್' ಪತ್ರಿಕೆಯಲ್ಲಿ ವಾರ್ತ್ ಎಂಬಾತ ಇದನ್ನು ಬೆರಗಾಗಿ ಬರೆದ. ಕಿವಿಯಿಂದ ಕಲ್ಲಿನ ಒಳಗನ್ನು ಓದುವ ಈ ಜನಕ್ಕೆ ಅಕ್ಷರ ಓದಲು ಶಾಲೆಯ ಬಾಗಿಲು ತೆರೆದಿರಲಿಲ್ಲ. 1951ರಿಂದ 56ರವರೆಗೆ ಎದ್ದು ನಿಂತ ವಿಧಾನಸೌಧಕ್ಕೂ ಗ್ರಾನೈಟ್ ಹೊತ್ತವರು, ಕಡಿದವರು ಸಾವಿರಾರು ಕೂಲಿಗಳು. ಅವರಲ್ಲಿ ಬಹಳ ಮಂದಿ ಜೈಲಿನ ಕೈದಿಗಳು. ಸರ್ಕಾರದ ಕೆಲಸ ದೇವರ ಕೆಲಸ ಅಂತ ಅದರ ಮುಖದ ಮೇಲೆ ಕೆತ್ತಿದೆ. ದೇವರ ಕೆಲಸಕ್ಕೂ ಕೈದಿಯೇ ಬೇಕಾಯಿತು!

ಉಳಿ ಸುತ್ತಿಗೆಯ ಕಾಲವೇ ಚೆನ್ನಾಗಿತ್ತು ಅಂತ ನಾವು ಹೇಳುತ್ತಿಲ್ಲ. ಆಗಲೂ ಧೂಳಿತ್ತು, ಸಾವೂ ಇತ್ತು. ಹದಿನೇಳನೇ ಶತಮಾನದಲ್ಲೇ ಡಚ್ ವೈದ್ಯ ಡೈಮರ್‌ಬ್ರೋಕ್ ಉಬ್ಬಸದಿಂದ ಸತ್ತ ಕಲ್ಲುಕುಟಿಗರ ಶ್ವಾಸಕೋಶ ಕೊಯ್ದಾಗ, ಮರಳಿನಲ್ಲಿ ಚಾಕು ಆಡಿಸಿದ ಹಾಗಾಯಿತಂತೆ. ಉಳಿ ಹೋಗಿ ಯಂತ್ರ ಬಂದಮೇಲೆ ಏನಾಯಿತು ಅನ್ನುವುದಕ್ಕೆ ಅಮೆರಿಕದ ವರ್ಮಾಂಟ್ ರಾಜ್ಯದ ಬ್ಯಾರಿ ಪಟ್ಟಣ ನೋಡಬೇಕು. ಅಲ್ಲಿನ ಗ್ರಾನೈಟ್ ಕೆತ್ತಲು ಇಟಲಿಯ ಕರಾರಾದಿಂದ ಕುಶಲಿಗಳು ಹೋದರು. ಕರಾರಾದ್ದು ಅಮೃತಶಿಲೆ, ಅದು ಸುಣ್ಣದ ಜಾತಿಯ ಕಲ್ಲು, ಅದರಲ್ಲಿ ಸ್ಫಟಿಕದ ಪುಡಿ ಇಲ್ಲವೆನ್ನುವಷ್ಟು ಕಡಿಮೆ. ಬ್ಯಾರಿಯದು ಗ್ರಾನೈಟ್, ಅದರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಸ್ಫಟಿಕವೇ. ಕೈ ಅದೇ, ವಿದ್ಯೆ ಅದೇ, ಕಲ್ಲು ಮಾತ್ರ ಬೇರೆ. ಅದರ ಮೇಲೆ ಗಾಳಿ ಒತ್ತಡದ ಸುತ್ತಿಗೆ ಬಂತು. ಚಳಿಗೆಂದು ಬಾಗಿಲು ಮುಚ್ಚಿದ ಷೆಡ್ಡು ಬಂತು. ಕೆಲಸ ಬಿರುಸಾಯಿತು, ಧೂಳು ನುಣ್ಣಗಾಯಿತು. ನುಣುಪಾದಷ್ಟೂ ಅದು ಎದೆಯ ಆಳಕ್ಕೆ ಇಳಿಯುತ್ತದೆ. ಸಿಲಿಕೋಸಿಸ್, ಅದರ ಬೆನ್ನಿಗೇ ಕ್ಷಯ. 1922ರಲ್ಲಿ ಮುಷ್ಕರ ನಡೆದಾಗ ಮಾಲೀಕರು ಕೆನಡಾದ ಫ್ರೆಂಚ್ ಮಾತಾಡುವ ಬಡವರನ್ನು ಕರೆತಂದು ಕೂರಿಸಿದರು. ಅವರ ಎದೆಗೂ ಅದೇ ಧೂಳು. ಧೂಳು ಹೀರುವ ಕೊಳವೆಗಳು ಷೆಡ್ಡುಗಳಿಗೆ ಬಂದದ್ದು ಮೂವತ್ತರ ದಶಕದ ಕೊನೆಗೆ. ಆಮೇಲೆ ಕೆಲಸಕ್ಕೆ ಸೇರಿದವರಲ್ಲಿ ರೋಗ ಬಹುಪಾಲು ನಿಂತೇಹೋಯಿತು. ಅಂದರೆ ಇದು ಹಣೆಬರಹವಲ್ಲ, ಒಂದು ಕೊಳವೆಯ ಖರ್ಚು.

ನಮ್ಮಲ್ಲೂ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಕೋಲಾರದ ಚಿನ್ನದ ಗಣಿಗೆ ಇಳಿದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು, ಚಿತ್ತೂರು ಕಡೆಯ ಅಸ್ಪೃಶ್ಯ ಜನ. 1940ರಲ್ಲೇ ಮೈಸೂರು ಸರ್ಕಾರ ಸಿಲಿಕೋಸಿಸ್ ನಿಯಮ ಮಾಡಿತು. ಆಗ 7,653 ಕಾರ್ಮಿಕರನ್ನು ಪರೀಕ್ಷೆ ಮಾಡಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಜನರ ಎದೆಯಲ್ಲಿ ರೋಗ ಸಿಕ್ಕಿತು. 1948ರ ಕಾರ್ಖಾನೆ ಕಾಯಿದೆಯೂ ಇದನ್ನು ವರದಿ ಮಾಡಲೇಬೇಕಾದ ರೋಗವೆಂದು ಬರೆಯಿತು. ಸರಿ. ಆದರೆ ಕಾಯಿದೆ ಹೋದದ್ದು ಹಾಜರಿಪುಸ್ತಕ ಇರುವ ಕಡೆಗೆ. ಗೇಟು ಇಲ್ಲದ ಕ್ವಾರಿಗೆ, ಮೂರೇ ಜನ ಕೂತು ಕೊಯ್ಯುವ ತಗಡಿನ ಷೆಡ್ಡಿಗೆ ಅದು ಹೋಗಲಿಲ್ಲ.

ಈಗ ಆ ಷೆಡ್ಡು ನಮ್ಮ ಮನೆಯೊಳಗೇ ಬಂದಿದೆ. ಹಳ್ಳಿಯ ಹೊಸ ಆರ್‌ಸಿಸಿ ಮನೆಗೂ ಅಡಿಗೆಕಟ್ಟೆಗೆ ಗ್ರಾನೈಟ್ ಬೇಕು. ಮೇಸ್ತ್ರಿಗೆ ಯಾಕೆ ದುಡ್ಡು, ಬಾಡಿಗೆಗೆ ಕಟ್ಟರ್ ತಂದು ನಾವೇ ಕೊಯ್ದುಕೊಳ್ಳೋಣ ಅನ್ನುವವರೂ ಇದ್ದಾರೆ. ಕೂಲಿಯವನ ಕೆಲಸಕ್ಕೆ ವಿದ್ಯೆ ಬೇಕಿಲ್ಲ ಅನ್ನುವ ಹಳೆಯ ಜಾತಿಬುದ್ಧಿಯೂ ಇದರಲ್ಲಿ ಸ್ವಲ್ಪ ಸೇರಿದೆ ಅಂತ ನಮ್ಮ ಗುಮಾನಿ. ಎರಡು ಸೆಂಟಿಮೀಟರ್ ದಪ್ಪದ ಕಲ್ಲು ಒಂದು ಚದರ ಮೀಟರಿಗೆ 50 ಕಿಲೋ ದಾಟುತ್ತೆ. ಸಿಂಕಿಗೆ ಕೊಯ್ದಮೇಲೆ ಹಿಂದೆ ಮುಂದೆ ಉಳಿಯುವುದು ಕೈಯಗಲದ ಪಟ್ಟಿ. ಚಾಪೆಯ ಹಾಗೆ ಮಲಗಿಸಿ ಎತ್ತಿದಿರೋ, ಅಲ್ಲೇ ಫಟ್ ಅಂತ ಮುರಿಯುತ್ತೆ, ಕಾಲ ಮೇಲೆ ಬೀಳುತ್ತೆ. ಬಾಗಿಲಿನ ಹಾಗೆ ನಿಲ್ಲಿಸಿ ಹೊರಬೇಕು. ಮೂಲೆಯನ್ನು ಚೂಪಾಗಿ ಕೊಯ್ದರೆ ಬಿರುಕು ಅಲ್ಲಿಂದಲೇ ಹೊರಡುತ್ತೆ. ಮೊದಲು ನಾಲ್ಕು ಮೂಲೆಗೂ ದುಂಡಗೆ ತೂತು ಹೊಡೆದು, ಆಮೇಲೆ ತೂತಿಂದ ತೂತಿಗೆ ಕೊಯ್ಯಬೇಕು. ಇದನ್ನೆಲ್ಲ ಕಲ್ಲುಕೆಲಸದ ಹುಡುಗ ಹತ್ತು ಕಲ್ಲು ಮುರಿದು, ಕೂಲಿ ಮುರಿಸಿಕೊಂಡು ಕಲಿತಿರುತ್ತಾನೆ.

ಅವನೂ ಒಣಗಲ್ಲನ್ನೇ ಕೊಯ್ಯುತ್ತಾನಲ್ಲ, ಯಾಕೆ? ನೀರು ಹಾಕಪ್ಪ ಅಂದರೆ ಕರೆಂಟ್ ಹೊಡೆಯುತ್ತೆ ಸಾರ್ ಅಂತಾನೆ. ಅದು ನೆಪವಲ್ಲ, ನಿಜ. ಕೈಗೆ ಸಿಕ್ಕಿದ ಮಾಮೂಲಿ ಮಿಷನ್ನು ನೀರಿಗೆಂದು ಮಾಡಿದ್ದಲ್ಲ. ನೀರು ಬಿಡುವ ಕೊಳವೆಯಿರುವ ಕಟ್ಟರ್ ಬೇರೆ, ಕರೆಂಟ್ ಸೋರಿದರೆ ತಟ್ಟನೆ ನಿಲ್ಲಿಸುವ ಬ್ರೇಕರ್ ಬೇರೆ. ಇವೆರಡೂ ಪೇಟೆಯಲ್ಲಿ ಸಿಗುತ್ತವೆ. ಕೊಡಿಸುವವರು ಯಾರು? ಮನೆಯೊಡೆಯನೋ, ಗುತ್ತಿಗೆದಾರನೋ? ಇಬ್ಬರೂ ಕೊಡಿಸುವುದಿಲ್ಲ. ಅವನು ಮೂಗಿಗೆ ಟವಲ್ ಸುತ್ತಿಕೊಳ್ಳುತ್ತಾನೆ. ಟವಲಿಗೆ ಸಿಗುವುದು ಕಣ್ಣಿಗೆ ಕಾಣುವ ಧೂಳು. ಕೊಲ್ಲುವುದು ಕಾಣದ ಧೂಳು. ಕಟ್ಟರ್ ನಿಂತು ಎಷ್ಟೋ ಹೊತ್ತಾದರೂ ಅದು ಆ ಮನೆಯ ಗಾಳಿಯಲ್ಲೇ ತೇಲುತ್ತಿರುತ್ತೆ. ಪೊರಕೆಯಲ್ಲಿ ಗುಡಿಸಿದರೆ ಮತ್ತೆ ಏಳುತ್ತೆ. ಗುಡಿಸುವ ಹೆಂಗಸಿನ ಎದೆಗೂ ಹೋಗುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಎಲ್ಲ ಕಲ್ಲೂ ಒಂದೇ ಅಲ್ಲ. ಚಾಮರಾಜನಗರದ ಕರಿಕಲ್ಲಿನಲ್ಲಿ ಸ್ಫಟಿಕ ಬಹಳ ಕಡಿಮೆ, ಇಳಕಲ್ಲಿನ ಕೆಂಪುಕಲ್ಲಿನಲ್ಲಿ ಹೆಚ್ಚು. ಈಚೆಗೆ 'ಕ್ವಾರ್ಟ್ಜ್' ಅಂತ ಮಾರುವ ಕೃತಕ ಕಲ್ಲಿದೆಯಲ್ಲ, ಸ್ಫಟಿಕದ ಪುಡಿಯನ್ನು ಅಂಟಿನಲ್ಲಿ ಕಲಸಿ ಒತ್ತಿದ್ದು, ಅದರಲ್ಲಿ ನೂರಕ್ಕೆ ತೊಂಬತ್ತರ ಮೇಲೂ ಸ್ಫಟಿಕವಿರುವುದುಂಟು. ಅದನ್ನು ಕೊಯ್ದ ಹುಡುಗರು ಕೆಲವೇ ವರ್ಷಗಳಲ್ಲಿ ರೋಗಿಗಳಾದರು. ಇಸ್ರೇಲ್, ಸ್ಪೇನ್, ಕ್ಯಾಲಿಫೋರ್ನಿಯಾ, ಎಲ್ಲ ಕಡೆಯೂ ಅದೇ ಕಥೆ. ಕ್ಯಾಲಿಫೋರ್ನಿಯಾದಲ್ಲಿ ಬಿದ್ದವರು ಬಹುಪಾಲು ಮೆಕ್ಸಿಕೋ ಮತ್ತು ಅದರಾಚೆಯಿಂದ ಹೊಟ್ಟೆಪಾಡಿಗೆ ಬಂದವರು. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಆ ಕಲ್ಲನ್ನೇ ನಿಷೇಧಿಸಿತು. ನಮ್ಮ ಪೇಟೆಗಳಲ್ಲಿ ಅದು ಅಂದಚಂದದ ಮಾಲು.

ಈ ರೋಗಕ್ಕೆ ಮದ್ದಿಲ್ಲ. ಕೆಲಸ ಬಿಟ್ಟಮೇಲೂ ಬೆಳೆಯಬಲ್ಲದು. ಕಲ್ಲುಕುಟಿಗರ ಎದೆಬೇನೆಯ ಬಗ್ಗೆಯೂ ಬರೆದ ಇಟಲಿಯ ರಾಮಾಝಿನಿ, 1700ರಲ್ಲೇ, ರೋಗಿಯನ್ನು ನೀನು ಏನು ಕೆಲಸ ಮಾಡ್ತೀಯ ಅಂತ ಕೇಳಬೇಕೆಂದು ವೈದ್ಯರಿಗೆ ಹೇಳಿದ್ದ. ನಮ್ಮ ಆಸ್ಪತ್ರೆಗಳಲ್ಲಿ ಬೀಡಿ ಸೇದ್ತೀಯಾ, ಕುಡೀತೀಯಾ ಅಂತ ಕೇಳಿ ಟಿಬಿ ಮಾತ್ರೆ ಬರೆದುಕೊಟ್ಟು ಕಳಿಸುವುದೇ ಹೆಚ್ಚು. ಗುಜರಾತಿನ ಕಲ್ಲುಪುಡಿ ಕಾರ್ಖಾನೆಗಳಲ್ಲಿ ದುಡಿದು ಸತ್ತ ಮಧ್ಯಪ್ರದೇಶದ 238 ಜನರ, ಬಹುಪಾಲು ಆದಿವಾಸಿಗಳ, ಮನೆಯವರಿಗೆ ತಲಾ 3 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು ಹೇಳಿದ್ದು 2016ರಲ್ಲಿ, ವರ್ಷಗಟ್ಟಲೆ ಹೋರಾಟದ ಮೇಲೆ. ರಾಜಸ್ತಾನ 2019ರಲ್ಲಿ ಇದಕ್ಕೇ ಒಂದು ನೀತಿ ಮಾಡಿತು. ರೋಗ ಖಚಿತವಾದರೆ 3 ಲಕ್ಷ, ಸತ್ತರೆ ಮನೆಯವರಿಗೆ 2 ಲಕ್ಷ.

ಊರಿನ ಮೇಷ್ಟ್ರುಗಳು ಒಂದು ಕೆಲಸ ಮಾಡಬಹುದು. ಕಲ್ಲುಕೆಲಸದವರು ಅರ್ಜಿ ಬರೆಸಿಕೊಳ್ಳೋಕೆ ನಿಮ್ಮ ಹತ್ತಿರವೇ ಬರುತ್ತಾರಲ್ಲ, ಆಗ ಯಾವ ಕ್ವಾರಿ, ಯಾವ ಷೆಡ್ಡು, ಯಾರ ಕೈಕೆಳಗೆ, ಯಾವ ವರ್ಷದಿಂದ ಯಾವ ವರ್ಷದವರೆಗೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಅವರ ಕೈಗೂ ಒಂದು ಪ್ರತಿ ಕೊಡಿ. ಎದೆಯ ಎಕ್ಸ್‌ರೇ ತೆಗೆಸಿದ್ದರೆ ಆ ಹಾಳೆಯನ್ನು ಬಿಸಾಕಬೇಡಿ ಅಂತ ಹೇಳಿ. ಪರಿಹಾರ ಕೇಳೋಕೆ ಹೋದಾಗ ಅಲ್ಲಿ ಮೊದಲು ಕೇಳುವುದು ಈ ಎರಡನ್ನೇ.